ಕಿಡ್ನಿ ಕಸಿಯ ನಂತರ ಮಗು: ಮಾತ್ರೆ ನಿಲ್ಲಿಸುವ ಮುಂಚೆ ಕೇಳಿ

ಪ್ರಶ್ನೆ: ನನಗೆ 29 ವರ್ಷ. ಕಿಡ್ನಿ ಕಸಿ ಆಗಿ 14 ತಿಂಗಳಾಯಿತು, ಕೊಟ್ಟಿದ್ದು ಅಮ್ಮ. ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) 1.1 ಇದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್, ಬಿಪಿಗೆ ಟೆಲ್ಮಿಸಾರ್ಟಾನ್ ನಡೀತಿದೆ. ಡಯಾಲಿಸಿಸ್ ಸಮಯದಲ್ಲಿ ನಿಂತಿದ್ದ ಮುಟ್ಟು ಈಗ ಸರಿಯಾಗಿ ಬರುತ್ತಿದೆ. ನಮಗೆ ಮಗು ಬೇಕು. ಇಷ್ಟೊಂದು ಮಾತ್ರೆ ಮಗುವಿಗೆ ಒಳ್ಳೆಯದಲ್ಲ, ಸ್ವಲ್ಪ ದಿನ ಬಿಡು ಅಂತಾರೆ ಮನೆಯವರು. ಏನು ಮಾಡಲಿ?

ಉತ್ತರ (ಕಿಡ್ನಿ ತಜ್ಞರು): ಒಂದೇ ಒಂದು ಮಾತ್ರೆಯನ್ನೂ ನೀವಾಗಿ ಬಿಡಬೇಡಿ. ಎಲ್ಲಕ್ಕಿಂತ ಮೊದಲು ಇದು. ರಿಜೆಕ್ಷನ್ (ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸುವುದು) ಶುರುವಾದರೆ ಅಮ್ಮ ಕೊಟ್ಟ ಕಿಡ್ನಿಗೂ ಅಪಾಯ, ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ.

ಮನೆಯವರ ಆತಂಕದಲ್ಲಿ ಅರ್ಧ ನಿಜ ಇದೆ. ನಿಮ್ಮ ನಾಲ್ಕು ಮಾತ್ರೆಗಳಲ್ಲಿ ಎರಡು ಬದಲಾಗಲೇಬೇಕು. ಮೈಕೋಫಿನೋಲೇಟ್ ಗರ್ಭಕ್ಕೆ ನಿಜವಾಗಿಯೂ ಕೆಟ್ಟದ್ದು. ಗರ್ಭಪಾತ ಜಾಸ್ತಿ, ಮಗುವಿನ ಕಿವಿ, ತುಟಿ, ಹೃದಯದಲ್ಲಿ ದೋಷ ಬರಬಹುದು. ಗರ್ಭ ನಿಲ್ಲುವ ಕನಿಷ್ಠ 6 ವಾರ ಮುಂಚೆ ಅದು ನಿಂತಿರಬೇಕು. ಅದರ ಜಾಗಕ್ಕೆ ಸಾಮಾನ್ಯವಾಗಿ ಅಜಥಯೋಪ್ರಿನ್ ಬರುತ್ತದೆ. ಬದಲಾಯಿಸಿದ ಮೇಲೆ ಕೆಲವು ತಿಂಗಳು ಕ್ರಿಯಾಟಿನಿನ್ ಏರುತ್ತಿಲ್ಲ, ಬಿಳಿ ರಕ್ತಕಣ ಇಳಿಯುತ್ತಿಲ್ಲ ಅಂತ ನೋಡಿಕೊಂಡೇ ನಾವು ಹೂಂ ಅನ್ನುವುದು. ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ಎಚ್ಚರ ಇರಲಿ. ಮುಟ್ಟು ಸರಿಯಾಗಿದೆ ಅಂದರೆ ಯಾವಾಗ ಬೇಕಾದರೂ ಗರ್ಭ ನಿಲ್ಲಬಹುದು ಅಂತಲೇ ಅರ್ಥ, ಅಲ್ವಾ?

ಟೆಲ್ಮಿಸಾರ್ಟಾನ್ ಕೂಡ ಮಗುವಿನ ಕಿಡ್ನಿಗೆ ಹಾನಿ ಮಾಡುತ್ತದೆ. ಅದರ ಬದಲು ಲೆಬೆಟಲಾಲ್ ಅಥವಾ ನಿಫೆಡಿಪಿನ್ ಕೊಡುತ್ತಾರೆ. ಟ್ಯಾಕ್ರೋಲಿಮಸ್, ಪ್ರೆಡ್ನಿಸೋಲೋನ್ ಎರಡೂ ಒಂಬತ್ತು ತಿಂಗಳೂ ಮುಂದುವರಿಯುತ್ತವೆ.

ನಿಮ್ಮ ಲೆಕ್ಕ ಚೆನ್ನಾಗಿಯೇ ಇದೆ. ಕಸಿಯಾಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು ಅನ್ನುತ್ತೇವೆ, ಕೆಲವರು ಎರಡು ವರ್ಷ ಕಾಯಿಸುತ್ತಾರೆ. ಕ್ರಿಯಾಟಿನಿನ್ 1.5ಕ್ಕಿಂತ ಕಡಿಮೆ ಇರಬೇಕು, ಇತ್ತೀಚೆಗೆ ರಿಜೆಕ್ಷನ್ ಆಗಿರಬಾರದು, ಬಿಪಿ ಹಿಡಿತದಲ್ಲಿರಬೇಕು. ಮೂತ್ರದಲ್ಲಿ ಎಷ್ಟು ಪ್ರೋಟೀನ್ ಹೋಗುತ್ತಿದೆ ಅಂತ ನೀವು ಬರೆದಿಲ್ಲ. ದಿನಕ್ಕೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಮುಂದಿನ ಭೇಟಿಯಲ್ಲಿ ಮೊದಲು ಅದನ್ನು ಕೇಳಿ.

ಕಸಿಯ ನಂತರ ತಾಯಿಯಾಗುವುದು ಹೊಸದೇನಲ್ಲ. 1956ರಲ್ಲಿ ಅಮೆರಿಕದ ಎಡಿತ್ ಹೆಲ್ಮ್ ಅವರಿಗೆ ಅವಳಿ ಸಹೋದರಿಯ ಕಿಡ್ನಿ ಕಸಿ ಮಾಡಿದರು. 1958ರಲ್ಲಿ ಅವರು ತಾಯಿಯಾದರು. ಕಸಿಯ ನಂತರದ ಮೊದಲ ಹೆರಿಗೆ ಅದು. ತದ್ರೂಪಿ ಅವಳಿಯ ಕಿಡ್ನಿ ಆಗಿದ್ದರಿಂದ ಅವರಿಗೆ ಈ ಮಾತ್ರೆಗಳ ಗೊಡವೆ ಇರಲಿಲ್ಲ. ಆಮೇಲೆ ಮಾತ್ರೆ ತಿನ್ನುತ್ತಲೇ ಸಾವಿರಾರು ಹೆಣ್ಣುಮಕ್ಕಳು ತಾಯಿಯಾಗಿದ್ದಾರೆ.

ಹಾಗಂತ ಇದು ಎಲ್ಲರ ಬಸುರಿನಂತಲ್ಲ. ಸುಮಾರು ಅರ್ಧದಷ್ಟು ತಾಯಂದಿರಿಗೆ ಬಿಪಿ ಏರುತ್ತದೆ. ಅರ್ಧದಷ್ಟು ಮಕ್ಕಳು 37 ವಾರಕ್ಕೆ ಮುಂಚೆಯೇ ಹುಟ್ಟುತ್ತವೆ, ತೂಕವೂ ಕಡಿಮೆ. ಬಿಪಿ ನಂಜು (ಬಸುರಿನಲ್ಲಿ ಬಿಪಿ ಏರಿ ಬರುವ ತೊಂದರೆ, ಪ್ರಿಎಕ್ಲಾಂಪ್ಸಿಯಾ) ತಡೆಯಲು 12ನೇ ವಾರದಿಂದ ಸಣ್ಣ ಡೋಸ್ ಆಸ್ಪಿರಿನ್ ಕೊಡುತ್ತೇವೆ. ಸ್ಟಿರಾಯ್ಡ್ (ಅಂದರೆ ಪ್ರೆಡ್ನಿಸೋಲೋನ್), ಟ್ಯಾಕ್ರೋಲಿಮಸ್ ಎರಡೂ ರಕ್ತದ ಸಕ್ಕರೆ ಏರಿಸುವುದರಿಂದ ಅದರ ಮೇಲೂ ಕಣ್ಣಿಡಬೇಕು. ಉರಿ ಇಲ್ಲದಿದ್ದರೂ ಪ್ರತಿ ತಿಂಗಳು ಮೂತ್ರದ ಕಲ್ಚರ್ (ಸೋಂಕು ಪತ್ತೆ ಮಾಡುವ ಪರೀಕ್ಷೆ) ಮಾಡಿಸಿ. ಬಸುರಿಯಲ್ಲಿ ಟ್ಯಾಕ್ ಲೆವೆಲ್ (ರಕ್ತದಲ್ಲಿರುವ ಟ್ಯಾಕ್ರೋಲಿಮಸ್ ಪ್ರಮಾಣ) ಇಳಿಯುವುದು ಸಾಮಾನ್ಯ, ಡೋಸ್ ಏರಿಸಬೇಕಾಗಬಹುದು. ಈ ಪರೀಕ್ಷೆಗೆ ರಕ್ತವನ್ನು ಬೆಳಗಿನ ಮಾತ್ರೆ ನುಂಗುವ ಮುಂಚೆಯೇ ಕೊಡಬೇಕು. ನುಂಗಿ ಬಂದು ಕೊಟ್ಟರೆ ಲೆವೆಲ್ ಸುಮ್ನೆ ಜಾಸ್ತಿ ತೋರಿಸುತ್ತದೆ, ನಾವು ಮೋಸ ಹೋಗುತ್ತೇವೆ. ನಾಟಿ ಔಷಧಿ, ಬಸುರಿಗೆ ಅಂತ ಮಾಡುವ ಕಷಾಯ ಯಾವುದೂ ಬೇಡ.

ಇನ್ನೊಂದು ವಿಷಯ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ನಿಮ್ಮ ವಿಷಯದಲ್ಲಿ ಅಮ್ಮನೇ ನಿಮ್ಮ ಮನೆಗೆ ಬರಲಿ. ಕಿಡ್ನಿ ವೈದ್ಯರೂ ನವಜಾತ ಶಿಶುಗಳ ಐಸಿಯುವೂ ಇರುವ ಆಸ್ಪತ್ರೆಯ ಹತ್ತಿರವೇ ಇರಿ.

ಅದೇ ಸದಸ್ಯೆ: ಕಿಡ್ನಿಯನ್ನು ಕಿಬ್ಬೊಟ್ಟೆಯ ಬಲಗಡೆ ಇಟ್ಟಿದ್ದಾರೆ. ಮಗು ಬೆಳೆದಾಗ ಅದುಮಿ ಹೋಗಲ್ವಾ? ಸಿಸೇರಿಯನ್ ಖಂಡಿತವಾ?

ಉತ್ತರ: ಕಿಡ್ನಿ ಸೊಂಟದ ಮೂಳೆಯ ಬೋಗುಣಿಯಂಥ ಜಾಗದಲ್ಲಿ ಕೂತಿದೆ. ಮಗು ಅದನ್ನು ಅದುಮಿ ಕೆಡಿಸುವುದು ತೀರಾ ಅಪರೂಪ. ಕಸಿ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ಸಹಜ ಹೆರಿಗೆ ಆಗುತ್ತದೆ. ಬೇರೆ ಕಾರಣಕ್ಕೆ ಕೊಯ್ಯಬೇಕಾಗಿ ಬಂದರೆ ಕಿಡ್ನಿ, ಅದರ ಮೂತ್ರನಾಳ ಎಲ್ಲಿವೆ ಅಂತ ವೈದ್ಯರಿಗೆ ಗೊತ್ತಿರಲೇಬೇಕು. ಕಸಿ ಆಪರೇಷನ್ನಿನ ವರದಿಯ ಪ್ರತಿ ಬಸುರಿ ಫೈಲಿನಲ್ಲಿ ಮೊದಲ ಪುಟವಾಗಿರಲಿ. ಅಜಥಯೋಪ್ರಿನ್, ಟ್ಯಾಕ್ರೋಲಿಮಸ್, ಪ್ರೆಡ್ನಿಸೋಲೋನ್ ನಡೆಯುತ್ತಿರುವಾಗಲೂ ಎದೆಹಾಲು ಕೊಡಬಹುದು.

ಇನ್ನೊಬ್ಬ ಸದಸ್ಯೆ: ಇದನ್ನು ಓದಿ ಕೈಕಾಲು ನಡುಗ್ತಿದೆ. ನನಗೆ ಕಸಿಯಾಗಿ ಮೂರು ವರ್ಷ. ಮುಟ್ಟು ಹತ್ತು ದಿನ ತಡವಾಗಿದೆ, ಮೈಕೋಫಿನೋಲೇಟ್ ಇವತ್ತು ಬೆಳಗ್ಗೆಯೂ ತಗೊಂಡಿದ್ದೀನಿ.

ಉತ್ತರ: ಗಾಬರಿ ಆಗಬೇಡಿ, ಆದರೆ ನಾಳೆಗೆ ಮುಂದೂಡಬೇಡಿ. ಈಗಲೇ ಮನೆಯಲ್ಲಿ ಪರೀಕ್ಷೆ ಮಾಡಿ. ಎರಡು ಗೆರೆ ಬಂದರೆ ರಾತ್ರಿಯ ಡೋಸ್ ಹೊತ್ತಿಗೆ ಮುಂಚೆಯೇ ನಿಮ್ಮ ಕಸಿ ವೈದ್ಯರಿಗೆ ಫೋನ್ ಮಾಡಿ. ಮೈಕೋಫಿನೋಲೇಟ್ ನಿಲ್ಲಿಸಿ ಅದರ ಬದಲಿಗೆ ಏನು ಕೊಡಬೇಕು ಅಂತ ಅವರೇ ಹೇಳುತ್ತಾರೆ. ಈ ಮಾತ್ರೆ ತಿಂದವರ ಮಕ್ಕಳಿಗೆಲ್ಲ ದೋಷ ಬರುವುದಿಲ್ಲ. ಗರ್ಭ ಮುಂದುವರಿಸುವುದೋ ಬೇಡವೋ ಅನ್ನುವುದನ್ನು ಸ್ಕ್ಯಾನ್ ನೋಡಿ, ವೈದ್ಯರ ಜೊತೆ ಕೂತು, ನೀವೇ ತೀರ್ಮಾನಿಸುತ್ತೀರಿ. ಟೆಸ್ಟ್ ಏನೇ ಬಂದರೂ ಇಲ್ಲಿ ಬರೆಯಿರಿ, ಇವತ್ತು ನಾನು ನೋಡುತ್ತಿರುತ್ತೇನೆ.