ಮಳೆಗಾಲದಲ್ಲಿ ಬಟ್ಟೆ ಆಂಟೆನಾ ಯಾಕೆ ಕೈಕೊಡುತ್ತದೆ?

ಪ್ರಶ್ನೆ (ವಿದ್ಯಾರ್ಥಿನಿ, ಉಡುಪಿ):
ನಮಸ್ತೆ ಸರ್. ಮಲ್ಪೆಯ ನಾಡದೋಣಿಯವರ ಲೈಫ್ ಜಾಕೆಟ್‌ಗೆ ಬಟ್ಟೆಯಲ್ಲೇ ಆಂಟೆನಾ ಮಾಡುವುದು ನಮ್ಮ ಪ್ರಾಜೆಕ್ಟ್. ದಪ್ಪ ಹತ್ತಿ ಬಟ್ಟೆಯ ಎರಡೂ ಬದಿಗೆ ಬೆಳ್ಳಿ ಲೇಪದ ಬಟ್ಟೆ ಅಂಟಿಸಿದ್ದೇವೆ. ಮಾರ್ಚ್‌ನಲ್ಲಿ ಎಸಿ ಲ್ಯಾಬಿನಲ್ಲಿ ಅದು ಕೆಲಸ ಮಾಡುವ ಫ್ರೀಕ್ವೆನ್ಸಿ ಸರಿಯಾಗಿ 2.45 ಗಿಗಾಹರ್ಟ್ಸ್ ಇತ್ತು. ಜುಲೈಯಲ್ಲಿ ಅದೇ ತುಂಡು 2.31ಕ್ಕೆ ಇಳಿದಿದೆ. ನೀರು ಚಿಮುಕಿಸಿದರೆ ಇನ್ನೂ ಇಳಿಯುತ್ತದೆ, ಆದರೆ ಎಸ್11 ಗ್ರಾಫ್ (ಆಂಟೆನಾಕ್ಕೆ ಕೊಟ್ಟ ಶಕ್ತಿಯಲ್ಲಿ ವಾಪಸ್ ಬಂದದ್ದನ್ನು ತೋರಿಸುವುದು) ಅಗಲವಾಗುತ್ತದೆ. ಬ್ಯಾಂಡ್‌ವಿಡ್ತ್, ಅಂದರೆ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ವ್ಯಾಪ್ತಿ, ಜಾಸ್ತಿ ಆದದ್ದು ಒಳ್ಳೆಯದೇ ಅಲ್ವಾ?

ಉತ್ತರ (ಆಂಟೆನಾ ಎಂಜಿನಿಯರ್, ಮಂಗಳೂರು):
ಇಲ್ಲಮ್ಮ, ಅದನ್ನು ನಂಬಬೇಡಿ. ಎಸ್11 ಹೇಳುವುದು ಎಷ್ಟು ಶಕ್ತಿ ವಾಪಸ್ ಬಂತು ಎಂದು ಮಾತ್ರ. ವಾಪಸ್ ಬರದ್ದೆಲ್ಲ ಗಾಳಿಗೆ ಹೋಯಿತು ಎಂದಲ್ಲ. ಒದ್ದೆ ಬಟ್ಟೆ ಅದನ್ನು ನುಂಗಿ ಬಿಸಿಯಾಗಿ ಕಳೆಯುತ್ತದೆ. ಗ್ರಾಫ್ ಚಂದ ಕಾಣುತ್ತದೆ, ಸಿಗ್ನಲ್ ದಡ ಮುಟ್ಟುವುದಿಲ್ಲ. ಆಂಟೆನಾ ಜಾಗದಲ್ಲಿ, ಶಕ್ತಿಯನ್ನು ಬರೀ ಬಿಸಿಯಾಗಿ ಕಳೆಯುವ, ಸರಿಹೊಂದುವ ಒಂದು ರೆಸಿಸ್ಟರ್ ಇಟ್ಟರೂ ಎಸ್11 ಚಂದವೇ ಬರುತ್ತದೆ, ನೋಡಿ.

ಫ್ರೀಕ್ವೆನ್ಸಿ ಇಳಿಯಲು ಕಾರಣ ಸರಳ. ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂದರೆ ವಸ್ತು ತನ್ನೊಳಗಿನ ರೇಡಿಯೋ ಅಲೆಯನ್ನು ಎಷ್ಟು ನಿಧಾನ ಮಾಡುತ್ತದೆ ಎಂಬುದರ ಅಳತೆ. ಒಣ ಬಟ್ಟೆಯದ್ದು ಸಾಮಾನ್ಯವಾಗಿ 1ರಿಂದ 2ರೊಳಗೆ, ನೀರಿನದ್ದು ಸುಮಾರು 78. ಚೂರು ತೇವ ಸಾಕು. ನಿಮ್ಮ ಬಟ್ಟೆಯದ್ದು 1.6 ಇದ್ದದ್ದು 1.8 ಆಗಿದೆ ಎಂದುಕೊಳ್ಳಿ. ಈ ಸ್ಥಿರಾಂಕದ ವರ್ಗಮೂಲ ಹೆಚ್ಚಿದಷ್ಟು ಪಾಲು ಫ್ರೀಕ್ವೆನ್ಸಿ ಇಳಿಯುತ್ತದೆ. ಆ ಲೆಕ್ಕ ಹಾಕಿದರೆ 2.45 ಹೋಗಿ ಹೆಚ್ಚುಕಡಿಮೆ 2.31 ಬರುತ್ತದೆ. ಬ್ಲೂಟೂತ್ ಶುರುವಾಗುವುದೇ 2.4ರಿಂದ, ನಿಮ್ಮದು ಅದಕ್ಕಿಂತ ಕೆಳಗೆ ಹೋಯಿತು!

ಹತ್ತಿ ಬಟ್ಟೆ ಬಳಸುವುದನ್ನೇ ಬಿಟ್ಟುಬಿಡಿ. 20 ಡಿಗ್ರಿ, 65% ಆರ್ದ್ರತೆಯಲ್ಲೇ ಅದು ತೂಕದ 7-8% ನೀರು ಹೀರುತ್ತದೆ, ಪಾಲಿಯೆಸ್ಟರ್ ಸುಮಾರು 0.4% ಮಾತ್ರ. ನಮ್ಮ ಮಳೆಗಾಲದ ಆಟಿ ತಿಂಗಳಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಹತ್ತಿಯ ಕತೆ ಕೇಳಬೇಕೇ?

ಮರುಪ್ರಶ್ನೆ (ವಿದ್ಯಾರ್ಥಿನಿ):
ಸರ್, ಮಳೆನೀರಾದರೆ ಒಣಗಿದ ಮೇಲೆ ಸರಿಯಾಗುತ್ತದೆ. ಕಡಲಿನ ನೀರು ತಾಗಿದ ತುಂಡು ಮಾತ್ರ ಎರಡು ದಿನ ಒಣಗಿಸಿದರೂ ಸರಿಯಾಗಲಿಲ್ಲ.

ಉತ್ತರ:
ನೀರು ಆರಿದರೂ ಉಪ್ಪು ನೂಲಿನಲ್ಲೇ ಉಳಿಯುತ್ತದೆ. ಆರ್ದ್ರತೆ 75% ದಾಟಿದರೆ ಉಪ್ಪು ಗಾಳಿಯ ತೇವ ಎಳೆದು ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಉಪ್ಪುನೀರಿನಲ್ಲಿ ಕರೆಂಟೂ ಹರಿಯುತ್ತದೆ, ನಷ್ಟ ಇನ್ನೂ ಜಾಸ್ತಿ. ಬೆಳ್ಳಿ ಲೇಪವನ್ನೂ ಅದು ಮೆಲ್ಲ ತಿನ್ನುತ್ತದೆ. ಸಿಹಿನೀರಲ್ಲಿ ತೊಳೆದು ಒಣಗಿಸಿ, ಆಮೇಲೆ ಅಳೆಯಿರಿ. ಬೆವರಿನಲ್ಲೂ ಉಪ್ಪಿದೆ, ಮರೆಯಬೇಡಿ.

ಇನ್ನೊಬ್ಬ ಸದಸ್ಯರು (ಸುರತ್ಕಲ್):
ಪಾಲಿಯೆಸ್ಟರ್ ಹಾಕಿದರೆ ಸಾಕಾ ಸರ್?

ಉತ್ತರ:
ಸಾಲದು ಮಾರಾಯ್ರೆ. ನೂಲು ಹೀರದಿದ್ದರೂ ನೂಲುಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ಮೇಲೆ ಕೆಳಗೆ ಟಿಪಿಯು (ನೀರು ಬಿಡದ, ಬಾಗುವ ಪ್ಲಾಸ್ಟಿಕ್) ಹಾಳೆ ಬಿಸಿಯಲ್ಲಿ ಅಂಟಿಸಿ, ಅಂಚನ್ನೂ ಕನೆಕ್ಟರ್ ಸುತ್ತಲನ್ನೂ ಮುಚ್ಚಿ. ನೀರು ನುಗ್ಗುವುದು ಅಲ್ಲಿಂದಲೇ. ಹಾಳೆಯಿಂದಲೂ ಫ್ರೀಕ್ವೆನ್ಸಿ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಬೆಳ್ಳಿ ಲೇಪದ ಬಟ್ಟೆಯನ್ನು ಅಳತೆಗೆ ಕತ್ತರಿಸುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಪರೀಕ್ಷೆ ಹೀಗೆ ಮಾಡಿ. ಒಣ ತುಂಡನ್ನು ತೂಗಿ, ಒದ್ದೆ ಮಾಡಿ ಮತ್ತೆ ತೂಗಿ. ಎಷ್ಟು ನೀರು ಹಿಡಿದಿದೆ ಎಂದು ಗೊತ್ತಾಗುತ್ತದೆ. ಮತ್ತೆ ಜಾಕೆಟ್ ತೊಟ್ಟುಕೊಂಡು, ದೂರ ಬದಲಿಸದೆ, ರಿಸೀವರ್‌ಗೆ ಸಿಗ್ನಲ್ ಎಷ್ಟು ಬರುತ್ತದೆ ನೋಡಿ. ಆಂಟೆನಾ ಹೆಗಲ ಮೇಲಿರಲಿ. ಎದೆಯ ಹತ್ತಿರ ಇಟ್ಟರೆ ನೀರಿಗೆ ಬಿದ್ದವರ ಜೊತೆ ಅದೂ ಮುಳುಗುತ್ತದೆ. ಕಡಲ ನೀರಿನೊಳಗೆ ಈ ಸಿಗ್ನಲ್ ಕೆಲವು ಸೆಂಟಿಮೀಟರ್ ಕೂಡ ದಾಟುವುದಿಲ್ಲ.