ಚೀನಾದ ವಿದೇಶಾಂಗ ಮತ್ತು ಭದ್ರತಾ ಚಿಂತನೆ: ಯಾವ ಮಾತಿಗೆ ಎಷ್ಟು ತೂಕ?

ನೆರೆನೋಟ (ಪ್ರಶ್ನೆ):
ಚೀನಾದ ವ್ಯೂಹಾತ್ಮಕ ಚಿಂತನೆ ಅಂತ ಹುಡುಕಿದರೆ ಎರಡೇ ಬಗೆಯ ಬರಹ ಸಿಗುತ್ತವೆ. ಒಂದು, ಪ್ರಾಚೀನ ಚೀನಾದ ಯುದ್ಧಚಿಂತಕ ಸುನ್ ತ್ಸು ಸೂಕ್ತಿಗಳು, ನೂರು ವರ್ಷದ ಗುಪ್ತ ಯೋಜನೆ ಇತ್ಯಾದಿ. ಇನ್ನೊಂದು, ಚೀನಾದ ಗ್ಲೋಬಲ್ ಟೈಮ್ಸ್ ಪತ್ರಿಕೆಯ ಬೆದರಿಕೆಯನ್ನೇ ಬೀಜಿಂಗ್‌ನ ನಿಲುವು ಎಂದು ತೋರಿಸುವ ಸುದ್ದಿ. ಎರಡನ್ನು ಓದಿದರೂ ಚೀನಾ ಮುಂದೆ ಏನು ಮಾಡಬಹುದು ಅನ್ನೋದು ತಿಳಿಯುವುದಿಲ್ಲ. ಪಕ್ಷದ ವರದಿ, ಶ್ವೇತಪತ್ರ, ವಕ್ತಾರರ ಹೇಳಿಕೆ, ಪ್ರಾಧ್ಯಾಪಕರ ಲೇಖನ, ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು? ನಿಜವಾದ ಎಚ್ಚರಿಕೆ ಯಾವುದು, ಬರೀ ಗುಡುಗು ಯಾವುದು ಅಂತ ಗುರುತಿಸುವುದು ಹೇಗೆ? ಚೀನೀ ಭಾಷೆ ಬಾರದವರಿಗೂ ಉಪಯೋಗವಾಗುವಂತೆ ಹೇಳಿ.

ಕಡತಪ್ರಿಯ:
ಸುನ್ ತ್ಸುವನ್ನು ಸದ್ಯಕ್ಕೆ ಬದಿಗಿಡಿ. ತೀರ್ಮಾನ ಎಲ್ಲಿ ಆಗುತ್ತದೆ ಅನ್ನೋದರಿಂದ ಶುರು ಮಾಡಿ. ಚೀನಾದಲ್ಲಿ ವಿದೇಶಾಂಗ ಸಚಿವಾಲಯ ನೀತಿ ರೂಪಿಸುವುದಕ್ಕಿಂತ ಹೆಚ್ಚಾಗಿ ಜಾರಿ ಮಾಡುತ್ತದೆ. ಅದರ ಮೇಲೆ ಪಕ್ಷದ ಕೇಂದ್ರ ವಿದೇಶಾಂಗ ವ್ಯವಹಾರ ಆಯೋಗವಿದೆ. 2018ರವರೆಗೆ ಅದು ‘ಮುಂದಾಳು ಗುಂಪು’ ಆಗಿತ್ತು, ಆ ವರ್ಷ ಆಯೋಗದ ದರ್ಜೆಗೇರಿತು. ಭದ್ರತೆಗೆ ಪ್ರತ್ಯೇಕವಾಗಿ ಕೇಂದ್ರ ರಾಷ್ಟ್ರೀಯ ಭದ್ರತಾ ಆಯೋಗ, ಸೇನೆಗೆ ಕೇಂದ್ರ ಮಿಲಿಟರಿ ಆಯೋಗ. ಮೂರಕ್ಕೂ ಮುಖ್ಯಸ್ಥ ಷಿ ಜಿನ್‌ಪಿಂಗ್ ಒಬ್ಬರೇ.

ಹಾಗಾಗಿ ಎಲ್ಲಕ್ಕಿಂತ ಹೆಚ್ಚು ತೂಕ ಐದು ವರ್ಷಕ್ಕೊಮ್ಮೆ ಬರುವ ಪಕ್ಷದ ಮಹಾಧಿವೇಶನದ ಕಾರ್ಯವರದಿಗೆ. ಸರ್ಕಾರಿ ಸುದ್ದಿಸಂಸ್ಥೆ ಶಿನ್ಹುವಾ ಅದರ ಪೂರ್ಣ ಇಂಗ್ಲಿಷ್ ಪಾಠ ಕೊಡುತ್ತದೆ. ಒಂದನ್ನೇ ಓದಬೇಡಿ, ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಹೊಸದಾಗಿ ಸೇರಿದ್ದಕ್ಕಿಂತ ಕೈಬಿಟ್ಟಿದ್ದು ಹೆಚ್ಚು ಹೇಳುತ್ತದೆ. 2002ರ ವರದಿ, 21ನೇ ಶತಮಾನದ ಮೊದಲ ಎರಡು ದಶಕ ಚೀನಾಕ್ಕೆ ‘ಪ್ರಮುಖ ವ್ಯೂಹಾತ್ಮಕ ಅವಕಾಶದ ಕಾಲ’ ಎಂದಿತು. ಅಂದರೆ ದೊಡ್ಡ ಯುದ್ಧದ ಭಯವಿಲ್ಲ, ಆರ್ಥಿಕತೆ ಬೆಳೆಸೋಣ ಎಂಬ ಲೆಕ್ಕಾಚಾರ. 2017ರಲ್ಲೂ ಆ ಮಾತು ಉಳಿಯಿತು. 2022ರಲ್ಲಿ ಅದರ ಜಾಗಕ್ಕೆ ಅವಕಾಶವೂ ಅಪಾಯವೂ ಜೊತೆಜೊತೆಗಿರುವ, ಅನಿಶ್ಚಿತತೆ ಹೆಚ್ಚುತ್ತಿರುವ ಕಾಲ ಎಂಬ ಮಾತು ಬಂತು. ಶಾಂತಿ ಮತ್ತು ಅಭಿವೃದ್ಧಿಯೇ ಈಗಲೂ ಯುಗದ ಮುಖ್ಯ ವಿಷಯ ಎಂಬ ಹಳೆಯ ಸಾಲು ಹೋಯಿತು. ರಾಷ್ಟ್ರೀಯ ಭದ್ರತೆಗೆ ಮೊದಲ ಸಲ ಪ್ರತ್ಯೇಕ ಅಧ್ಯಾಯ ಸಿಕ್ಕಿತು. ಇಂಥ ಸಾಲನ್ನು ಯಾರೋ ಮರೆತು ಬಿಡುವುದಿಲ್ಲ. ಕರಡು ತಿಂಗಳುಗಟ್ಟಲೆ ಕೈಯಿಂದ ಕೈಗೆ ಹೋಗಿ ತಿದ್ದುಪಡಿಯಾಗುತ್ತದೆ. ಕೆಳಹಂತದ ಅಧಿಕಾರಿ ಇದನ್ನು ಬಜೆಟ್ಟು, ಬಡ್ತಿ, ಆದ್ಯತೆಗಳ ಸೂಚನೆಯಾಗಿಯೇ ಓದುತ್ತಾನೆ.

ಎರಡನೆಯದು, ‘ಭದ್ರತೆ’ ಅಂದಾಗ ಗಡಿ ಮತ್ತು ಸೇನೆ ಮಾತ್ರ ಕಣ್ಣಿಗೆ ಬಂದರೆ ಅರ್ಧ ತಪ್ಪಿಹೋಗುತ್ತದೆ. 2014ರ ಏಪ್ರಿಲ್ 15ರಂದು ಭದ್ರತಾ ಆಯೋಗದ ಮೊದಲ ಸಭೆಯಲ್ಲಿ ಷಿ ಮುಂದಿಟ್ಟ ‘ಸಮಗ್ರ ರಾಷ್ಟ್ರೀಯ ಭದ್ರತೆ’ಯಲ್ಲಿ 11 ಕ್ಷೇತ್ರಗಳಿದ್ದವು: ರಾಜಕೀಯ, ಭೂಪ್ರದೇಶ, ಸೇನೆ, ಅರ್ಥ, ಸಂಸ್ಕೃತಿ, ಸಮಾಜ, ವಿಜ್ಞಾನ–ತಂತ್ರಜ್ಞಾನ, ಮಾಹಿತಿ, ಪರಿಸರ, ಸಂಪನ್ಮೂಲ, ಪರಮಾಣು. ಪಟ್ಟಿ ಆಮೇಲೆ ಇನ್ನೂ ಬೆಳೆಯಿತು. ಇದರಲ್ಲಿ ರಾಜಕೀಯ ಭದ್ರತೆಯೇ ‘ಬೇರು’. ಬಿಡಿಸಿ ಹೇಳಿದರೆ, ಪಕ್ಷದ ಆಳ್ವಿಕೆಯ ಭದ್ರತೆ. 2009ರಲ್ಲಿ, ಆಗ ವಿದೇಶಾಂಗ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿರಿಯ ನಾಯಕ ದೈ ಬಿಂಗ್‌ಗುವೊ ದೇಶದ ‘ಮೂಲ ಹಿತಾಸಕ್ತಿ’ಗಳನ್ನು ಎಣಿಸಿದಾಗಲೂ ಮೊದಲು ಬಂದದ್ದು ಮೂಲ ವ್ಯವಸ್ಥೆ ಮತ್ತು ರಾಷ್ಟ್ರದ ಭದ್ರತೆ. ಸಾರ್ವಭೌಮತ್ವ, ಗಡಿ ಎರಡನೆಯದು, ಆರ್ಥಿಕ ಬೆಳವಣಿಗೆ ಮೂರನೆಯದು. ವ್ಯಾಪಾರಕ್ಕೆ ನಷ್ಟವಾಗುವ ನಿರ್ಧಾರಗಳನ್ನು ಬೀಜಿಂಗ್ ಯಾಕೆ ತೆಗೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಈ ಕ್ರಮದಲ್ಲೇ ಇದೆ.

ಗಡಿರೇಖೆ:
ಎಚ್ಚರಿಕೆಯ ವಿಷಯಕ್ಕೆ ಬರುತ್ತೇನೆ. ಏನು ಹೇಳಿದರು ಅನ್ನೋದಕ್ಕಿಂತ ಯಾವ ಬಾಯಿಂದ ಬಂತು ಅನ್ನೋದನ್ನು ಮೊದಲು ನೋಡಿ. ಸರ್ಕಾರದ ಕಡೆ ಮೆಟ್ಟಿಲು ಹೀಗೆ: ದಿನದ ಪತ್ರಿಕಾಗೋಷ್ಠಿಯಲ್ಲಿ ವಕ್ತಾರರು ಕೊಟ್ಟ ಉತ್ತರ ಕೆಳಗೆ, ಅದರ ಮೇಲೆ ವಕ್ತಾರರ ಲಿಖಿತ ಹೇಳಿಕೆ, ಅದರ ಮೇಲೆ ಸಚಿವಾಲಯದ ಹೇಳಿಕೆ, ತುತ್ತತುದಿಯಲ್ಲಿ ಚೀನಾ ಸರ್ಕಾರದ ಹೇಳಿಕೆ. 2016ರ ಜುಲೈ 12ರಂದು ದಕ್ಷಿಣ ಚೀನಾ ಸಮುದ್ರದ ಮಧ್ಯಸ್ಥಿಕೆ ತೀರ್ಪು ಬಂದ ದಿನವೇ ಮೇಲಿನ ಎರಡು ಮೆಟ್ಟಿಲಿಂದಲೂ ಹೇಳಿಕೆ ಬಂತು. ಅದು ಅಪರೂಪ. ಪಕ್ಷದ ಮುಖಪತ್ರಿಕೆ ಪೀಪಲ್ಸ್ ಡೈಲಿಯಲ್ಲಿ ಸಂಪಾದಕೀಯ ಮೇಲು, ‘ನಮ್ಮ ವ್ಯಾಖ್ಯಾನಕಾರ’ರ ಲೇಖನ ಅದಕ್ಕಿಂತ ಕೆಳಗೆ. ‘ಝೋಂಗ್ ಶೆಂಗ್’ ಎಂಬ ಅಂಕಿತದಲ್ಲಿ ಬರುವ ವಿದೇಶಾಂಗ ಟಿಪ್ಪಣಿಗಳಿಗೂ ಬೆಲೆಯಿದೆ, ಆದರೆ ಸಂಪಾದಕೀಯದಷ್ಟಲ್ಲ. ಗ್ಲೋಬಲ್ ಟೈಮ್ಸ್ ಅದೇ ಸಮೂಹದ ಪತ್ರಿಕೆಯಾದರೂ ಮಾರಾಟಕ್ಕಾಗಿ ಬರೆಯುವಂಥದ್ದು. ಅದರ ಅಗ್ರಲೇಖನವನ್ನು ಈ ಮೆಟ್ಟಿಲಲ್ಲಿ ಸೇರಿಸಲೇಬೇಡಿ.

ಇನ್ನು ಇತಿಹಾಸ. ‘ಮೊದಲೇ ಹೇಳಲಿಲ್ಲ ಅನ್ನಬೇಡಿ’ ಎಂಬ ಮಾತು ಪೀಪಲ್ಸ್ ಡೈಲಿಯಲ್ಲಿ 1962ರ ಸೆಪ್ಟೆಂಬರ್ 22ರಂದು ಬಂತು, ಅಕ್ಟೋಬರ್ 20ಕ್ಕೆ ಭಾರತದ ಮೇಲೆ ದಾಳಿಯಾಯಿತು. 1978ರ ಡಿಸೆಂಬರ್ 25ರ ಸಂಪಾದಕೀಯದಲ್ಲಿ ಮತ್ತೆ ಬಂತು, 1979ರ ಫೆಬ್ರವರಿ 17ಕ್ಕೆ ವಿಯೆಟ್ನಾಂ ಮೇಲೆ ಚೀನಾದ ದಾಳಿ. ಇಷ್ಟನ್ನೇ ಹಿಡಿದುಕೊಂಡವರು 2019ರ ಮೇ 29ರಂದು ವಿರಳ ಭಸ್ಮ ಲೋಹಗಳ (ರೇರ್ ಅರ್ಥ್) ವಿಚಾರದಲ್ಲಿ ಅದೇ ಮಾತು ಕಂಡು ಗಾಬರಿಯಾದರು. ಆಗ ಬಂದದ್ದು ಸಂಪಾದಕೀಯವಲ್ಲ, ಅಂಕಿತನಾಮದ ಟಿಪ್ಪಣಿ. ರಫ್ತು ತಕ್ಷಣ ನಿಲ್ಲಲೂ ಇಲ್ಲ.

ಎಚ್ಚರಿಕೆ ತಲುಪದೆ ಹೋಗುವುದೂ ಇದೆ. ಕೊರಿಯಾ ಯುದ್ಧದ ವೇಳೆ, 1950ರ ಅಕ್ಟೋಬರ್ 3ರ ನಸುಕಿಗೂ ಮೊದಲು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿದರು. ದಕ್ಷಿಣ ಕೊರಿಯಾದ ಸೇನೆಯಷ್ಟೇ ಎರಡು ಕೊರಿಯಾಗಳ ನಡುವಿನ ಗೆರೆಯಾದ 38ನೇ ಅಕ್ಷಾಂಶ ದಾಟಿದರೆ ಸುಮ್ಮನಿರುತ್ತೇವೆ, ಅಮೆರಿಕದ ಸೇನೆ ದಾಟಿದರೆ ಸುಮ್ಮನಿರುವುದಿಲ್ಲ ಎಂದರು. ಷರತ್ತು ಅಷ್ಟು ಸ್ಪಷ್ಟ. ಆದರೆ ಪಣಿಕ್ಕರ್ ಚೀನಾದ ಕಡೆ ವಾಲಿದವರು ಎಂದು ವಾಷಿಂಗ್ಟನ್ ಅದನ್ನು ಬದಿಗೊತ್ತಿತು. ಅಕ್ಟೋಬರ್ 19ರಂದು ಚೀನೀ ಪಡೆಗಳು ಗಡಿಯ ಯಾಲು ನದಿ ದಾಟಿ ಕೊರಿಯಾ ಹೊಕ್ಕವು. ಬೀಜಿಂಗ್ ಈ ಪಾಠ ಮರೆಯಲಿಲ್ಲ. 1965ರಲ್ಲಿ ವಿಯೆಟ್ನಾಂ ಬಗ್ಗೆ ಅಂಥದ್ದೇ ಸಂದೇಶ ಕಳಿಸುವಾಗ ಮೊದಲು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಮೂಲಕ ಪ್ರಯತ್ನಿಸಿದರು. ಅವರ ಅಮೆರಿಕ ಪ್ರವಾಸ ಮುಂದಕ್ಕೆ ಹೋಯಿತು. ಆಗ ಮೇ 31ರಂದು ವಿದೇಶಾಂಗ ಸಚಿವ ಚೆನ್ ಯಿ ಬೀಜಿಂಗ್‌ನಲ್ಲಿದ್ದ ಬ್ರಿಟನ್ನಿನ ಪ್ರತಿನಿಧಿಯನ್ನೇ ಕರೆದು ಹೇಳಿದರು. ಬ್ರಿಟನ್ ಮಾತನ್ನು ಅಮೆರಿಕ ತಳ್ಳಿಹಾಕಲಾರದು ಅಂತ. ಒಂದೇ ಸಂದೇಶ ಎರಡು ಮೂರು ದಾರಿಯಲ್ಲಿ, ಅಳೆದು ತೂಗಿದ ಷರತ್ತಿನ ಜೊತೆ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಲೆಕ್ಕಪುಸ್ತಕ:
ಗಡಿರೇಖೆ ಅವರ 2019ರ ಉದಾಹರಣೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದಕ್ಕೆ ನೋಡಿ. 2020ರ ಡಿಸೆಂಬರ್ 1ಕ್ಕೆ ರಫ್ತು ನಿಯಂತ್ರಣ ಕಾನೂನು ಜಾರಿಗೆ ಬಂತು. 2023ರ ಆಗಸ್ಟ್‌ನಲ್ಲಿ ಗ್ಯಾಲಿಯಂ, ಜರ್ಮೇನಿಯಂಗೆ ಪರವಾನಗಿ ಕಡ್ಡಾಯ, ಡಿಸೆಂಬರ್‌ನಲ್ಲಿ ಗ್ರಾಫೈಟ್‌ಗೆ. 2025ರ ಏಪ್ರಿಲ್ 4ರಂದು ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ವಿರಳ ಭಸ್ಮ ಲೋಹಗಳಿಗೆ. 2019ರಲ್ಲಿ ಗುಡುಗು ಅನ್ನಿಸಿದ್ದು ಆರು ವರ್ಷದಲ್ಲಿ ಕೈಯಲ್ಲಿ ಹಿಡಿಯುವ ಆಯುಧವಾಯಿತು. ಈ ನಡುವೆ ಕಾನೂನು, ಪರವಾನಗಿ ಕಚೇರಿ, ಪಟ್ಟಿ, ಎಲ್ಲ ಒಂದೊಂದಾಗಿ ಸಿದ್ಧವಾದವು. ಹಾಗಾಗಿ ನನ್ನ ಮಟ್ಟಿಗೆ ಮಾತಿಗಿಂತ ಕಾನೂನಿಗೆ ತೂಕ ಹೆಚ್ಚು. ಒಂದು ಮಾತು ಕೇಳಿದ ಮೇಲೆ, ಅದರ ಹಿಂದೆ ಕಾಯ್ದೆ ಬಂತಾ, ಸಂಸ್ಥೆ ಬಂತಾ, ಹಣ ಬಂತಾ ಅಂತ ಮೂರನ್ನು ಹುಡುಕಿ.

ಕಾನೂನು ಓದುವಾಗ ಬೇಕಂತಲೇ ಬಿಟ್ಟ ಅಸ್ಪಷ್ಟತೆಯನ್ನು ಗಮನಿಸಿ. ತೈವಾನ್ ಕುರಿತ 2005ರ ಪ್ರತ್ಯೇಕತಾ ವಿರೋಧಿ ಕಾನೂನಿನ 8ನೇ ವಿಧಿ ‘ಶಾಂತಿಯುತವಲ್ಲದ ಮಾರ್ಗ’ಕ್ಕೆ ಮೂರು ಸಂದರ್ಭ ಹೇಳುತ್ತದೆ. ಮೂರನೆಯದು, ಶಾಂತಿಯುತ ಏಕೀಕರಣದ ಸಾಧ್ಯತೆ ಸಂಪೂರ್ಣ ಮುಗಿದುಹೋದಾಗ. ಮುಗಿಯಿತು ಅಂತ ತೀರ್ಮಾನಿಸುವವರೂ ಬೀಜಿಂಗ್‌ನವರೇ. ಕೆಂಪು ಗೆರೆ ಇದೆ, ಆದರೆ ಅದನ್ನು ಎಲ್ಲಿ ಎಳೆಯಬೇಕು ಅನ್ನೋದನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ.

ಹಣದ ವಿಷಯದಲ್ಲಿ ಒಂದು ಎಚ್ಚರ. ಮಾರ್ಚ್‌ನಲ್ಲಿ ಪ್ರಕಟವಾಗುವ ರಕ್ಷಣಾ ಬಜೆಟ್ (2025ರಲ್ಲಿ ಸುಮಾರು 1.78 ಲಕ್ಷ ಕೋಟಿ ಯುವಾನ್, 7.2% ಏರಿಕೆ) ಪೂರ್ಣ ಚಿತ್ರವಲ್ಲ. ಸಶಸ್ತ್ರ ಪೊಲೀಸ್ ಪಡೆಯ ಖರ್ಚು ಅದರೊಳಗಿಲ್ಲ, ಕರಾವಳಿ ಕಾವಲು ಪಡೆ 2018ರಿಂದ ಅದೇ ಪೊಲೀಸ್ ಪಡೆಯ ಅಡಿಯಲ್ಲಿದೆ. ದಕ್ಷಿಣ ಚೀನಾ ಸಮುದ್ರದಲ್ಲಿ ನೀರು ಫಿರಂಗಿ ಹಾರಿಸುವ ಹಡಗುಗಳು ಅವರವೇ.

ಮತ್ತೆ, ಎಲ್ಲದರ ಹಿಂದೆ ಒಂದೇ ಮೆದುಳಿದೆ ಅಂತ ಭಾವಿಸಬೇಡಿ. 2007ರ ಜನವರಿ 11ರಂದು ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆಯಿತು. ವಿದೇಶಾಂಗ ಸಚಿವಾಲಯ ಅದನ್ನು ಒಪ್ಪಿಕೊಂಡದ್ದು ಜನವರಿ 23ಕ್ಕೆ. ಇಲಾಖೆಗಳ ನಡುವಿನ ಇಂಥ ಬಿರುಕು ಮುಚ್ಚುವುದೂ ಆಮೇಲಿನ ಭದ್ರತಾ ಆಯೋಗದ ಒಂದು ಕೆಲಸ. ‘ನೂರು ವರ್ಷದ ಯೋಜನೆ’ ಅನ್ನುವವರು ಈ ಹನ್ನೆರಡು ದಿನಗಳನ್ನು ವಿವರಿಸಲಿ.

ನೆರೆನೋಟ:
ಬಹಳ ಉಪಕಾರ. ಎರಡು ಉಳಿದವು: ಪ್ರಾಧ್ಯಾಪಕರ ಲೇಖನಗಳು, ಮತ್ತೆ ಶ್ವೇತಪತ್ರಗಳಲ್ಲಿ ಪದೇ ಪದೇ ಬರುವ ‘ಸಕ್ರಿಯ ರಕ್ಷಣೆ’.

ಕಡತಪ್ರಿಯ:
ಲೇಖಕರ ಸಂಸ್ಥೆ ನೋಡಿ. ಸಮಕಾಲೀನ ಅಂತರರಾಷ್ಟ್ರೀಯ ಸಂಬಂಧಗಳ ಸಂಸ್ಥೆ ರಾಜ್ಯ ಭದ್ರತಾ ಸಚಿವಾಲಯದ ಅಡಿಯದು, ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆ ವಿದೇಶಾಂಗ ಸಚಿವಾಲಯದ್ದು. ವಿಶ್ವವಿದ್ಯಾಲಯದವರು ಚರ್ಚೆಯ ಎಲ್ಲೆಗಳನ್ನು ತೋರಿಸುತ್ತಾರೆ, ನೀತಿಯನ್ನಲ್ಲ. 2012ರ ಅಕ್ಟೋಬರ್‌ನಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ವಾಂಗ್ ಜಿಸಿ, ಪೂರ್ವದಲ್ಲಿ ಅಮೆರಿಕದ ಜೊತೆ ಮುಖಾಮುಖಿಯಾಗುವ ಬದಲು ಪಶ್ಚಿಮಕ್ಕೆ ನಡೆಯೋಣ ಎಂದು ಬರೆದರು. 2013ರ ಸೆಪ್ಟೆಂಬರ್‌ನಲ್ಲಿ ಷಿ ಕಜಕಸ್ತಾನದಲ್ಲಿ ರೇಷ್ಮೆ ಮಾರ್ಗದ ಆರ್ಥಿಕ ವಲಯ ಘೋಷಿಸಿದರು. ಆದರೆ ಪೂರ್ವದ ಸಮುದ್ರದಲ್ಲಿ ಒತ್ತಡ ಇಳಿಯಲಿಲ್ಲ, ದಕ್ಷಿಣ ಚೀನಾ ಸಮುದ್ರದಲ್ಲಿ ಕೃತಕ ದ್ವೀಪ ಕಟ್ಟುವ ಕೆಲಸ ಶುರುವಾಯಿತು. ವಾಂಗ್ ಅವರ ಅರ್ಧ ವಾದ ನೀತಿಗೆ ಹೊಂದಿತು, ಇನ್ನರ್ಧ ಹೊಂದಲಿಲ್ಲ.

‘ಸಕ್ರಿಯ ರಕ್ಷಣೆ’ ಮಾವೋ ಕಾಲದ್ದು. ವ್ಯೂಹದ ಮಟ್ಟದಲ್ಲಿ ರಕ್ಷಣೆ, ಕಾರ್ಯಾಚರಣೆಯ ಮಟ್ಟದಲ್ಲಿ ಆಕ್ರಮಣ. ಇಬ್ಬರೂ ತಪ್ಪುತ್ತಾರೆ: ರಕ್ಷಣೆ ಅಂದಿದ್ದಾರೆ, ಮೊದಲು ಹೊಡೆಯುವುದಿಲ್ಲ ಅಂತ ನಂಬುವವರು, ಮತ್ತೆ ಇದು ಪೂರಾ ನಾಟಕ ಅನ್ನುವವರು. 1962ನ್ನೂ 1979ನ್ನೂ ಬೀಜಿಂಗ್ ಕರೆಯುವುದು ‘ಸ್ವರಕ್ಷಣೆಯ ಪ್ರತಿದಾಳಿ’ ಅಂತಲೇ. ರಾಜಕೀಯವಾಗಿ ಎದುರಾಳಿ ಗೆರೆ ದಾಟಿದ ಅಂತ ತೀರ್ಮಾನಿಸಿದರೆ, ಮೊದಲ ಗುಂಡು ಯಾರದ್ದು ಅನ್ನೋದು ಅವರಿಗೆ ಮುಖ್ಯವಲ್ಲ. ಹೆಸರು ಹಾಗೇ ಉಳಿದರೂ ಒಳಗಿನ ಹೂರಣ ಬದಲಾಗುತ್ತದೆ: 1993ರಲ್ಲಿ, ಕೊಲ್ಲಿ ಯುದ್ಧ ನೋಡಿದ ಮೇಲೆ, ಉನ್ನತ ತಂತ್ರಜ್ಞಾನದ ಸೀಮಿತ ಯುದ್ಧ, 2004ರಲ್ಲಿ ಅದಕ್ಕೆ ಮಾಹಿತಿ ತಂತ್ರಜ್ಞಾನದ ಒತ್ತು, 2015ರ ಶ್ವೇತಪತ್ರದಲ್ಲಿ ಸಮುದ್ರಕ್ಕಿಂತ ನೆಲ ಮೇಲು ಎಂಬ ಹಳೆಯ ಮನೋಭಾವ ಬಿಡಬೇಕು ಎಂಬ ಸಾಲು.

ಈಗಲೇ ಮಾಡಬಹುದಾದ್ದು: 2022ರ ವರದಿಯ ಭದ್ರತೆ, ಸೇನೆ, ವಿದೇಶಾಂಗದ ಮೂರು ಅಧ್ಯಾಯಗಳನ್ನು ಇಳಿಸಿಕೊಂಡು, 2017ರ ವರದಿಯ ಅದೇ ವಿಷಯಗಳ ಭಾಗಗಳ ಜೊತೆ ಸಾಲು ಸಾಲಾಗಿ ಹೋಲಿಸಿ. ಮುಂದಿನ ಮಹಾಧಿವೇಶನ 2027ಕ್ಕೆ. ಆಗ ಮೂರನೆಯ ಅಂಕಣ ಸೇರಿಸಿ.