ಅಪವರ್ತನವೋ, ಅಪವರ್ತ್ಯವೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಮೊನ್ನೆ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿಗೆ 1,11,11,111ರ ಚಂದ ತೋರಿಸುತ್ತಿದ್ದೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 152207ನ್ನು 73ರಿಂದ ಗುಣಿಸಿ ಎಂದು ಲೆಕ್ಕ ಕೊಡುತ್ತಾನೆ. ಬರುವುದು ಎಂಟು ಒಂದುಗಳ ಸಾಲು. ಹೀಗೆ ಎತ್ತಲಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ನಾವು 152207ನ್ನೂ ಒಡೆದೆವು: 11, 101, 137. ಹನ್ನೊಂದನ್ನು 101ರಿಂದ ಗುಣಿಸಿದರೆ 1111; ಎಪ್ಪತ್ಮೂರನ್ನು 137ರಿಂದ ಗುಣಿಸಿದರೆ 10001. ಹಾರದ ಕೊಂಡಿ ಕಳಚಿ ಕೈಗೇ ಬಂದಂತಾಯಿತು.

ಆಮೇಲೆ ಅವಳು ಪುಸ್ತಕದಲ್ಲಿ ಬರೆದಳು: ‘73 ಎಂಬುದು 1,11,11,111ರ ಅಪವರ್ತ್ಯ.’

“ಅಲ್ಲ ಪುಟ್ಟಿ, ಅಪವರ್ತನ.”

“ಆಂಟಿ, ಲ.ಸಾ.ಅ. ಅಂದ್ರೆ ಲಘುತಮ ಸಾಮಾನ್ಯ ಅಪವರ್ತ್ಯ ಅಲ್ವಾ?”

“ಹೌದು.”

“ಮತ್ತೆ ಮ.ಸಾ.ಅ.?”

“ಅದು ಮಹತ್ತಮ ಸಾಮಾನ್ಯ ಅಪವರ್ತನ.”

ಅವಳು ಪೆನ್ಸಿಲ್ ಕೆಳಗಿಟ್ಟಳು. ಎರಡಕ್ಕೂ ಕೊನೆಗೆ ಅದೇ ‘ಅ’. ಆದರೆ ಅಪವರ್ತನ ಭಾಗಿಸುವ ಸಂಖ್ಯೆ, ಅಪವರ್ತ್ಯ ಭಾಗವಾಗುವ ಸಂಖ್ಯೆ. ಕೊನೆಗೆ “73ರ ಮಗ್ಗಿ ಹೇಳ್ತಾ ಹೋದ್ರೆ 1,11,11,111 ಸಿಗುತ್ತೆ, ಮಗ್ಗಿಯಲ್ಲಿ ಸಿಗೋದು ಅಪವರ್ತ್ಯ” ಎಂದು ಹೇಳಿ ಪಾರಾದೆ.

ವ್ಯಾಕರಣದಿಂದ ನೋಡಿದರೆ ‘ಅಪವರ್ತ್ಯ’ ಸರಿಯಾಗಿಯೇ ಇದೆ. ಗುಣ್ಯ, ಭಾಜ್ಯ, ವಾಚ್ಯ ಇದ್ದಂತೆ ಅದೂ ಕ್ರಿಯೆಗೆ ಒಳಗಾಗುವಂಥದ್ದು. ‘ಅವಿಭಾಜ್ಯ’ದಲ್ಲೂ ಅದೇ ‘ಯ’. ನನಗೆ ತೊಡಕೆನಿಸಿದ್ದು ‘ಅಪವರ್ತನ’. ಗುಣಕ, ಭಾಜಕ, ವಾಚಕಗಳ ಸಾಲಿನಲ್ಲಿ ಭಾಗಿಸುವುದು ‘ಅಪವರ್ತಕ’ ಆಗಬೇಕಿತ್ತಲ್ಲ? ಹಿಂದಿಯಲ್ಲಿ ಹಾಗೇ ಹೇಳುತ್ತಾರೆ. ಗುಣನ, ವಾಚನದ ಹಾಗೆ ‘ಅಪವರ್ತನ’ ಕ್ರಿಯೆಯ ಹೆಸರು, ಸಂಖ್ಯೆಯದಲ್ಲ, ಎಂದೇ ವಾದಿಸಲು ಹೊರಟಿದ್ದೆ.

ಆದರೆ 1150ರ ‘ಲೀಲಾವತಿ’ ನನ್ನ ವಾದಕ್ಕೆ ಅಡ್ಡ ಬಂತು. ಕುಟ್ಟಕದ (ಒಂದು ಸಂಖ್ಯೆಯನ್ನು ಎಷ್ಟರಿಂದ ಗುಣಿಸಿ, ಕೊಟ್ಟದ್ದನ್ನು ಕೂಡಿಸಿದರೆ ಇನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಹುಡುಕುವ ಲೆಕ್ಕದ) ಭಾಗದಲ್ಲಿ ಭಾಸ್ಕರಾಚಾರ್ಯ, ಎರಡು ಸಂಖ್ಯೆಗಳನ್ನು ಒಂದರಿಂದೊಂದು ಭಾಗಿಸುತ್ತ ಹೋದಾಗ ಕಡೆಗೆ ಉಳಿಯುವ ಶೇಷವನ್ನೇ ಅವುಗಳ ‘ಅಪವರ್ತನ’ ಎನ್ನುತ್ತಾನೆ. ಅಂದರೆ ನಮ್ಮ ಮ.ಸಾ.ಅ.! ಅಪವರ್ತನ ಅಲ್ಲಾಗಲೇ ಸಂಖ್ಯೆಯ ಹೆಸರಾಗಿದೆ. ಅಲ್ಲಿ ಭಾಜ್ಯ, ಹಾರ, ಕ್ಷೇಪಕ (ಕೂಡಿಸುವ ಸಂಖ್ಯೆ) ಮೂರೂ ‘ಅಪವರ್ತ್ಯ’, ಅಂದರೆ ಸಾಮಾನ್ಯ ಭಾಜಕದಿಂದ ಕಿರಿದುಗೊಳಿಸಬೇಕಾದವು. (ಈ ‘ಹಾರ’ ಭಾಜಕ; ಮಹಾವೀರನ ಕೊರಳಿನದಲ್ಲ.) ಹಾಗಾಗಿ ‘ಅಪವರ್ತನ’ ತಪ್ಪು ಎನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಪಾಠ ಹೇಳುವಾಗ ‘ಅಪವರ್ತಕ’ವೇ ಅನುಕೂಲ ಎಂಬ ಮಾತನ್ನು ಮಾತ್ರ ಬಿಟ್ಟಿಲ್ಲ.

ಈಗ ಕೇಳಬೇಕಾದ್ದು: ಭಾಸ್ಕರನಲ್ಲಿ ಅಪವರ್ತನ ಎರಡು ಸಂಖ್ಯೆಗಳ ನಡುವಿನ ಸಂಗತಿ. ಒಂದೇ ಸಂಖ್ಯೆಯ ಯಾವ ಭಾಜಕಕ್ಕಾದರೂ ಆ ಹೆಸರನ್ನು ಹಳೆಯ ಕನ್ನಡ ಗಣಿತ ಪುಸ್ತಕಗಳಲ್ಲಿ ಯಾರಾದರೂ ಕಂಡಿದ್ದೀರಾ? ನಿಮ್ಮ ಮೇಷ್ಟ್ರು ಲೆಕ್ಕ ಹೇಳಿಕೊಡುವಾಗ ಯಾವ ಮಾತು ಬಳಸುತ್ತಿದ್ದರು? ‘ಅಪವರ್ತಕ’ ಕೇಳಿದವರಿದ್ದರೆ ಯಾವ ಊರು, ಯಾವ ಕಾಲ ಎಂದೂ ಬರೆಯಿರಿ.